ಸ್ತ್ರಾತಿಸನ ಹೆಸರಿನ ಗೋಧಿ

ಸತ್ತವರ ಶನಿವಾರ ಬಂತೆಂದರೆ ಕವಾಲಾ ಎಂಬ ಬಂದರೂರಿನ ಕೋಟೆಗುಡ್ಡದ ಓಣಿಗಳೆಲ್ಲ ಬೆಂದ ಗೋಧಿಯ ಘಮ. ಒಣದ್ರಾಕ್ಷಿ, ದಾಳಿಂಬೆ ಬೆರೆಸಿ, ಮೇಲೆ ಸಕ್ಕರೆಪುಡಿ ಹರಡಿ, ತೀರಿಕೊಂಡವರ ಹೆಸರಿನ ಮೊದಲಕ್ಷರ ಬಿಡಿಸಿ ಹೆಂಗಸರು ಚರ್ಚಿಗೆ ಒಯ್ಯುತ್ತಿದ್ದರು. ಪೊಲಿಕ್ಸೇನಿಯೂ ತನ್ನ ತಾಯಿಯ ಹೆಸರಿನ ತಟ್ಟೆ ಒಯ್ಯುವಳು. ಯುದ್ಧಕ್ಕೆ ಹೆದರಿ ಕಡಲಾಚೆಯ ಊರಿಂದ ಗಂಟುಮೂಟೆ ಕಟ್ಟಿಕೊಂಡು ಬರುವಾಗ ಆ ತಾಯಿ ಹಡಗಿನಲ್ಲೇ ಕಣ್ಣು ಮುಚ್ಚಿದ್ದಳು. ಆದರೆ ಗಂಡ ಸ್ತ್ರಾತಿಸನಿಗೆ ಒಂದು ಕಾಳೂ ಬೇಯಿಸಿರಲಿಲ್ಲ.

"ಎಲ್ಲೇ ನಿನ್ ಗಂಡಂದು?" ಪಕ್ಕದ ಮನೆಯ ಮರಿಯಾಂಥಿ ಕೆಣಕುವಳು.

"ಬದುಕಿರೋನಿಗೆ ಯಾರಾದ್ರೂ ಗೋಧಿ ಬೇಯಿಸ್ತಾರೇನೇ?"

"ಇಷ್ಟು ವರ್ಷದಿಂದ ಕಡಲಲ್ಲೇ ಇದಾನಾ? ಗಡ್ಡ ಮೊಣಕಾಲಿಗೆ ಬಂದಿರ್ಬೇಕು ಬಿಡು!"

ಥಾಸೋಸ್ ದ್ವೀಪಕ್ಕೆ ಎಣ್ಣೆ ತರಲು ಹೋದ ಸ್ತ್ರಾತಿಸ್ ಬಿರುಗಾಳಿಗೆ ಸಿಕ್ಕಿದ್ದ. ದಡಕ್ಕೆ ಬಂದದ್ದು ಅವನ ದೋಣಿಯ ಒಂದು ಹುಟ್ಟು ಮಾತ್ರ, ಹೆಣವಿಲ್ಲ. ತಂಬಾಕಿನ ಗೋದಾಮಿನ ಕೆಳಗಿನ ಕಲ್ಲುಮೆಟ್ಟಿಲಿಂದ ಅವನು ದೋಣಿ ಹತ್ತಿದಾಗ ಪೊಲಿಕ್ಸೇನಿ ಅವನ ಹಿಂದೆ ಒಂದು ತಂಬಿಗೆ ನೀರು ಚೆಲ್ಲಿದ್ದಳು. ಹಾಗೆ ಚೆಲ್ಲಿದರೆ ಹೋದವರು ಅದೇ ದಾರಿಯಲ್ಲಿ ತಿರುಗಿ ಬರುತ್ತಾರೆಂಬ ನಂಬಿಕೆ. ಗೋದಾಮಿನಲ್ಲಿ ಎಲೆ ವಿಂಗಡಿಸಿ ಮುಗಿಸಿ, ತಂಬಾಕು ಮೆತ್ತಿದ ಕೈಗಳನ್ನು ದಿನಾ ಸಂಜೆ ಆ ಮೆಟ್ಟಿಲಲ್ಲೇ ತೊಳೆದು, ಕತ್ತಲಾಗುವ ತನಕ ಕೂತಿರುತ್ತಿದ್ದಳು.

ಆ ವರ್ಷ ಹೊಸ ಬಂದರಿಗೆಂದು ಕಡಲಿಗೆ ಕಲ್ಲು ಸುರಿಯತೊಡಗಿದರು. ಪೊಲಿಕ್ಸೇನಿ ತಲೆವಸ್ತ್ರ ಬಿಗಿದುಕೊಂಡು ಮೇಸ್ತ್ರಿ ಆರ್ಗಿರಿಸನ ಎದುರು ನಿಂತಳು.

"ಈ ಮೆಟ್ಲು ಮುಚ್ಚಬೇಡಪ್ಪ."

"ಅಲ್ಲಮ್ಮಾ, ನಿನ್ ಮೆಟ್ಲಿಗೋಸ್ಕರ ದೊಡ್ಡ ಹಡಗೆಲ್ಲ ವಾಪಸ್ ಕಳಿಸ್ಲಾ?"

"ನನ್ ಗಂಡ ಇಲ್ಲಿಂದ ಹೋಗಿದಾನೆ. ಇಲ್ಲಿಗೇ ಬರ್ಬೇಕು."

ಆರ್ಗಿರಿಸ್ ಟೋಪಿ ತೆಗೆದ. "ನಾವು ಊರು ಬಿಟ್ಟು ಬಂದಾಗ ನಮ್ಮಪ್ಪನೂ ಆಚೆ ದಡದ ಸ್ಮಿರ್ನಾದಲ್ಲೇ ಹಿಂದೆ ಉಳಿದೋನು ಬರ್ಲೇ ಇಲ್ಲ. ಗೋಧಿ ಬೇಯ್ಸಿದ್ರೆ ನಾನೇ ಕೊಂದ ಹಾಗಾಗುತ್ತೆ ಅಂತ ನಮ್ಮಮ್ಮ ಹೆದರ್ತಿದ್ಲು. ಕೊನೆಗೊಂದಿನ ಬೇಯ್ಸಿದ್ಲು. ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದ್ಲಮ್ಮಾ." ಆಮೇಲೆ ಮುಖ ತಿರುಗಿಸಿ, "ಸತ್ತವರ ಶನಿವಾರದ ತನಕ ಈ ಮೂಲೆಗೆ ಕಲ್ಲು ಹಾಕ್ಸಲ್ಲ. ನನ್ ಕೈಲಾಗೋದು ಅಷ್ಟೇ" ಎಂದ.

ಶನಿವಾರ ಚರ್ಚಿಗೆ ಪೊಲಿಕ್ಸೇನಿ ಎರಡು ತಟ್ಟೆ ಒಯ್ದಳು. ಮರಿಯಾಂಥಿ ನೋಡಿದಳು, ನಾಲಿಗೆ ಕಚ್ಚಿಕೊಂಡಳು. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೆ ಗಂಡನ ತಟ್ಟೆ ಹಿಡಿದು ಪೊಲಿಕ್ಸೇನಿ ನೆಟ್ಟಗೆ ಮೆಟ್ಟಿಲ ಬಳಿ ಬಂದಳು. ಕೆಲಸದವರು ಕಲ್ಲಿನ ಪುಡಿ ಮೆತ್ತಿದ ಕೈ ಚಾಚಿದರು. ಒಬ್ಬೊಬ್ಬರಿಗೂ ಒಂದು ಹಿಡಿ.

"ದೇವ್ರು ಅವನನ್ನ ಕ್ಷಮಿಸ್ಲಿ," ಎಂದ ಮೊದಲನೆಯವನು.

ಸತ್ತವರಿಗೆ ಮಾತ್ರ ಆಡುವ ಮಾತು ಅದು. ಸ್ತ್ರಾತಿಸನ ವಿಷಯದಲ್ಲಿ ಯಾರ ಬಾಯಿಂದ ಬಂದಿದ್ದರೂ ಇಷ್ಟು ದಿನ ಜಗಳಕ್ಕೇ ನಿಲ್ಲುತ್ತಿದ್ದಳು. ಇವತ್ತು ತಟ್ಟೆಯನ್ನು ಮುಂದಿನವನತ್ತ ಚಾಚಿದಳು.

"ನಿಮಗೆಲ್ಲ ಆಯುಸ್ಸು ಕೊಡ್ಲಿ," ಎಂದಳು.

ಕಡೆಯ ಹಿಡಿಯನ್ನು ನೀರಿನಂಚಿನ ಮೆಟ್ಟಿಲ ಮೇಲೆ ಇಟ್ಟಳು. ಕೈ ತೊಳೆದುಕೊಂಡು, ಮಂಡಿಗೆ ಕೈ ಊರಿ ಮೇಲೆ ಬಂದಳು.

"ಇನ್ನು ಕಲ್ಲು ಹಾಕ್ಸಪ್ಪ," ಎಂದಳು ಆರ್ಗಿರಿಸನಿಗೆ.