ಅತ್ತಿಗೆಯ ಟ್ಯಾಪಿಂಗ್ ಪಾಠ

ಮದುವೆ ವಿಡಿಯೊಗಳಿಗೆ ಹೊಸ ಕ್ಯಾಮರಾ ತಂದ ಮೇಲೆ ನನ್ನ ಹಳೆಯ ಎಚ್‌ಡಿ ಕ್ಯಾಮ್‌ಕಾರ್ಡರ್ ಕಡಬದ ಸ್ಟುಡಿಯೊದ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಅದಕ್ಕೆ ಮತ್ತೆ ಕೆಲಸ ಕೊಟ್ಟದ್ದು ಪಂಜದಲ್ಲಿರುವ ನನ್ನ ಅತ್ತಿಗೆ, ಅಣ್ಣನ ಹೆಂಡತಿ.

ಮನೆಯ ರಬ್ಬರ್ ತೋಟದಲ್ಲಿ ಟ್ಯಾಪಿಂಗಿಗೆ ಜನ ಸಿಗದೆ ಹೋದಾಗ ಅತ್ತಿಗೆ ತಾವೇ ತರಬೇತಿಗೆ ಹೋಗಿ ಮರ ಕೆತ್ತಿ ಹಾಲು ಇಳಿಸಲು ಕಲಿತಿದ್ದರು. ಅದನ್ನು ನೋಡಿ ಸುತ್ತಲಿನ ಹೆಂಗಸರು ನಮಗೂ ಕಲಿಸಿ ಎಂದು ಬರತೊಡಗಿದರು.

"ಒಬ್ಬೊಬ್ಬರಿಗೆ ತೋರಿಸಿ ನನಗೆ ಸಾಕಾಯ್ತು. ನೀನೊಂದು ವಿಡಿಯೊ ಮಾಡಿ ನೆಟ್ಟಿಗೆ ಹಾಕು ಮಾರಾಯ್ತಿ" ಎಂದರು.

ಬೆಳಿಗ್ಗೆ ಬೇಗ ತೋಟಕ್ಕೆ ಹೋದೆವು. ಅತ್ತಿಗೆ ಹೊಸ ಚೂಡಿದಾರ ಹಾಕಿ, ಮಲ್ಲಿಗೆ ಮುಡಿದು ಬಂದಿದ್ದರು. ಅಣ್ಣ ನೋಡಿದ, ಏನೂ ಹೇಳಲಿಲ್ಲ. ಅವನು ಹೇಳುವ ಜನವೇ ಅಲ್ಲ. ಸಾರು ಚೆನ್ನಾಗಿದ್ದರೆ ಇನ್ನೊಂದು ಸಲ ಬಡಿಸಿಕೊಳ್ಳುತ್ತಾನೆ, ಅಷ್ಟೇ ಹೊಗಳಿಕೆ. ಅತ್ತಿಗೆ ಮಾತ್ರ ಕ್ಯಾಮರಾದ ಮುಂದೆ ಚೂರೂ ಅಳುಕಲಿಲ್ಲ. ಕತ್ತಿಯನ್ನು ಎಷ್ಟು ಓರೆ ಹಿಡಿಯಬೇಕು, ಒಳಗಿನ ಮರಕ್ಕೆ ತಾಗದ ಹಾಗೆ ತೊಗಟೆಯನ್ನು ಎಷ್ಟು ತೆಳ್ಳಗೆ ತೆಗೆಯಬೇಕು, ಎಲ್ಲ ಹೇಳಿದರು. ಹಾಲು ಗೀರಿನಗುಂಟ ಇಳಿದು ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ಬಿತ್ತು.

ಮರುವಾರ ವಿಡಿಯೊ ನೋಡಲು ಅತ್ತಿಗೆ ಬಸ್ಸು ಹಿಡಿದು ಸ್ಟುಡಿಯೊಕ್ಕೇ ಬಂದರು. ಕಂಪ್ಯೂಟರಿನಲ್ಲಿ ಫೈಲ್ ತೆರೆದಾಗ ಅವರಿಗೆ ಖುಷಿಯೋ ಖುಷಿ. ಪರದೆಯಲ್ಲಿ ಅವರು ಒಳ್ಳೇ ತೆಳ್ಳಗೆ, ಸಪುರ ಆಗಿದ್ದರು. ಆ ಕ್ಯಾಮ್‌ಕಾರ್ಡರ್ ಚಿತ್ರವನ್ನು ಅಡ್ಡಕ್ಕೆ ಒತ್ತಿ ಇಡುತ್ತದೆ, ಎಡಿಟ್ ಮಾಡುವಾಗ ನಾವು ಮತ್ತೆ ಎಳೆದು ಸರಿಮಾಡಬೇಕು ಎಂದೆ.

"ಮುಟ್ಟಬೇಡ. ಹೀಗೇ ಇರಲಿ."

"ಮರವೂ ಸಪುರ ಆಗಿದೆಯಲ್ಲ ಅತ್ತಿಗೆ!"

ಅವರು ಬಗ್ಗಿ ನೋಡಿದರು. "ಅಯ್ಯೋ! ಇಷ್ಟು ಎಳೆ ಮರಕ್ಕೆ ಕತ್ತಿ ಹಾಕಿದ್ದೇನೆ ಅಂತ ಜನ ಬೈತಾರೆ. ಸರಿಮಾಡು, ಸರಿಮಾಡು" ಎಂದರು. ಎಳೆದೆ. ಮರ ದಪ್ಪವಾಯಿತು, ಅತ್ತಿಗೆಯೂ ಆದರು. ನಿಟ್ಟುಸಿರು ಬಿಟ್ಟರು.

ಇನ್ನೊಂದು ತೊಂದರೆ ಕತ್ತಿಯದು. ಕೈ ಚಲಿಸುವಾಗೆಲ್ಲ ಅದರ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗೆರೆಯಾಗಿ ಒಡೆಯುತ್ತಿತ್ತು. ಟಿವಿಗೆಂದು ಮಾಡಿದ ಕ್ಯಾಮರಾಗಳ ಬುದ್ಧಿಯೇ ಅದು. ಗೆರೆ ತೆಗೆದೆ. ಮೊಬೈಲಿನಲ್ಲಿ ಸುಲಭವಾಗಿ ತೆರೆಯಲಿ ಎಂದು ಫೈಲನ್ನು ತೀರಾ ಸಣ್ಣದು ಮಾಡಿದೆ. ಆಗ ತೊಗಟೆ ಕಲಸಿದ ಹಿಟ್ಟಿನಂತೆ ಕಂಡಿತು.

"ಗೀರೇ ಕಾಣುದಿಲ್ಲ, ಇನ್ನು ಕಲಿಯುದು ಎಂತದನ್ನು?" ಎಂದರು. ಸ್ವಲ್ಪ ದೊಡ್ಡದಾಗಿಯೇ ಮತ್ತೆ ಪರಿವರ್ತಿಸಲು ಹಾಕಿ ಅವರನ್ನು ಬಸ್ಸಿಗೆ ಬಿಟ್ಟು ಬಂದೆ.

ಆಮೇಲೆ ಬೇಡದ ತುಣುಕುಗಳನ್ನು ಅಳಿಸುತ್ತಾ ಕೊನೆಯದಕ್ಕೆ ಬಂದೆ. ಅಂದು ತೋಟದಿಂದ ಅತ್ತಿಗೆ ಚಾ ಮಾಡಲು ಹೋಗಿ, ನಾನೂ ಅವರ ಹಿಂದೆ ಹೋದ ಮೇಲೂ ಸ್ಟ್ಯಾಂಡಿನ ಮೇಲೆ ಕ್ಯಾಮರಾ ಓಡುತ್ತಲೇ ಇತ್ತು. ಚಿತ್ರದಲ್ಲಿ ಬರೀ ಮರ. ಹೆಡ್‌ಫೋನಿನಲ್ಲಿ ಪಕ್ಕದ ಮನೆಯವರ ಸ್ವರ ಕೇಳಿತು: "ಟ್ಯಾಪಿಂಗ್ ಎಲ್ಲ ಹೆಂಡತಿಗೇ ಬಿಟ್ಟದ್ದಾ?"

ಅಣ್ಣ ಹೇಳಿದ: "ನನಗಿಂತ ಅವಳ ಕೈ ಚಂದ ಮಾರಾಯ. ಅವಳು ಕೆತ್ತಿದ ಮರ ನೋಡು, ಒಂದು ಗಾಯ ಇಲ್ಲ. ಅವಳು ಬಂದ ಮೇಲೆಯೇ ಈ ತೋಟಕ್ಕೊಂದು ಲಕ್ಷಣ ಬಂದದ್ದು."

ನಾನು ಅದನ್ನು ಮತ್ತೆ ಮತ್ತೆ ಕೇಳಿದೆ. ಅಳಿಸಲು ಕೈ ಬರಲಿಲ್ಲ. ಆ ಭಾನುವಾರ ಪಂಜಕ್ಕೆ ಹೋಗಿ, ಅಡುಗೆಮನೆಯಲ್ಲಿ ಅತ್ತಿಗೆಯ ಕಿವಿಗೆ ಹೆಡ್‌ಫೋನ್ ಇಟ್ಟೆ. ಅವರು ಸೌಟು ಹಿಡಿದೇ ನಿಂತು ಕೇಳಿದರು. ಮೊದಲು ನಂಬಲಿಲ್ಲ, ಆಮೇಲೆ ಮುಖವೆಲ್ಲ ಕೆಂಪು.

"ಪಾಠದ ಕೊನೆಗೆ ಸೇರಿಸಲಾ?" ಎಂದು ಕೇಳಿದೆ.

"ಬೇಡ. ಅದು ನೆಟ್ಟಿಗಲ್ಲ, ನನಗೆ. ನನ್ನ ಮೊಬೈಲಿಗೆ ಹಾಕಿಕೊಡು."

ಹಾಕಿಕೊಟ್ಟೆ. ಪಾಠವನ್ನು ಅಂದೇ ನೆಟ್ಟಿಗೆ ಏರಿಸಿದೆವು. ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತಿಗೆಗೆ ತಡೆಯಲಾಗಲಿಲ್ಲ. ಮೊಬೈಲನ್ನು ಅಣ್ಣನ ತಟ್ಟೆಯ ಪಕ್ಕ ಇಟ್ಟು ಒತ್ತಿಯೇಬಿಟ್ಟರು. ತನ್ನ ಸ್ವರ ಕೇಳಿ ಅಣ್ಣ ತುತ್ತು ಹಿಡಿದ ಕೈ ನಿಲ್ಲಿಸಿದ. ನನ್ನನ್ನು ನೋಡಿದ, ಅತ್ತಿಗೆಯನ್ನು ನೋಡಿದ.

"ಹೌದು, ಹೇಳಿದ್ದೇನೆ. ಇದ್ದದ್ದನ್ನೇ ಹೇಳಿದ್ದು" ಎಂದ.

ಅತ್ತಿಗೆ ನಾಚಿ ಬಾಗಿಲ ಕಡೆ ಮುಖ ತಿರುಗಿಸಿ ಜೋರಾಗಿ ನಕ್ಕರು. ಅಣ್ಣನೂ ನಕ್ಕ.