ಗೌರಾಬಾಯಿ ಹುರಿದ ತೊಗರಿ

ಸರಸಂಬಾದ ಗೌರಾಬಾಯಿಗೆ ಅರವತ್ತೆಂಟು ವರ್ಷ. ನಾಲ್ಕು ಹಲ್ಲು ಹೋಗಿವೆ, ನಾಲಿಗೆ ಮಾತ್ರ ಇನ್ನೂ ಹರಿತ. ಊರಿಗೆ ಊರೇ ದಪ್ಪ ಕಾಳಿನ ಹೊಸ ತೊಗರಿಗೆ ಮನಸೋತಾಗಲೂ ಇವಳು ಅತ್ತೆಯ ಕಾಲದ ಸಣ್ಣ ಕರಿ ತೊಗರಿಯನ್ನು ಬಿಡಲಿಲ್ಲ. ಇರುವ ಎರಡು ಎಕರೆಯಲ್ಲಿ ಅರ್ಧ ಎಕರೆ ಅದಕ್ಕೇ ಮೀಸಲು. "ನಿಮ್ಮ ಕಾಳು ನೋಡಾಕ ಚಂದ, ನಮ್ಮ ಕಾಳು ಉಣ್ಣಾಕ ಚಂದ" ಎಂದು ಯಾರ ಮುಖಕ್ಕಾದರೂ ಹೇಳಿ ಬರುವ ಜೀವ ಅದು.

ಮೊರ ಹಿಡಿದು ಕುಳಿತರೆ ಅವಳ ಕಣ್ಣು ತಪ್ಪಿಸಿ ಒಂದು ಹರಳೂ ಉಳಿಯುವಂತಿಲ್ಲ. ಅಂಥವಳು ಮಾಡಿದ ಹೋಳಿಗೆಯಲ್ಲಿ ಹರಳು ಸಿಕ್ಕಿತೆಂದು ಪಕ್ಕದ ಮನೆಯ ಸುಭದ್ರಾಬಾಯಿ ಮದುವೆಯ ಪಂಕ್ತಿಯಲ್ಲಿ ಕುಳಿತು ಹೇಳಿಬಿಟ್ಟಳು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಆರು ವರ್ಷವಾಯಿತು.

ಗೌರಾಬಾಯಿಯ ಮೊಮ್ಮಗಳು ವಿಜಯಶ್ರೀ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಾಳೆ. ಹೋದ ವರ್ಷ ದೀಪಾವಳಿಗೆ ಬಂದವಳು ಅಜ್ಜಿಯ ಗಡಿಗೆಯಿಂದ ಒಂದು ಹಿಡಿ ತೊಗರಿ ಕಟ್ಟಿಕೊಂಡು ಹೋಗಿದ್ದಳು. ತೊಗರಿಯಲ್ಲಿ ಒಂದು ಕಿಣ್ವವಿದೆ. ಹೊಟ್ಟೆಯಲ್ಲಿ ಹುಣ್ಣು ಮಾಡುವ ಕ್ರಿಮಿಯೊಂದು ಅದೇ ಬಗೆಯ ಕಿಣ್ವದ ಬಲದಿಂದ ಜಠರದ ಹುಳಿಯಲ್ಲೂ ಬದುಕಿಕೊಳ್ಳುತ್ತದೆ. ವಸ್ತುವಿಗೆ ತೂಕವೇ ಇಲ್ಲದಂತಾಗುವ ಬಾಹ್ಯಾಕಾಶದಲ್ಲಿ ಈ ಕಿಣ್ವ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ, ಅದನ್ನು ತಡೆಯುವ ಔಷಧ ಹುಡುಕುವವರಿಗೆ ಸಹಾಯವಾದೀತು. ವಿಜಯಶ್ರೀ ಮತ್ತು ಅವಳ ಗೆಳತಿ ಗುಲಫಶಾ ಹೀಗೆಂದು ಬರೆದು, ವಿದ್ಯಾರ್ಥಿಗಳ ಪ್ರಯೋಗಗಳನ್ನು ಹೊತ್ತೊಯ್ಯುವ ರಾಕೆಟ್ಟಿಗೆ ಅರ್ಜಿ ಹಾಕಿದರು. ಹನ್ನೊಂದು ಬಗೆಯ ತೊಗರಿ ಪರೀಕ್ಷಿಸಿದಾಗ ಎಲ್ಲಕ್ಕಿಂತ ಚುರುಕಾಗಿದ್ದುದು ಗೌರಾಬಾಯಿಯದು. ಅರ್ಜಿಯಲ್ಲಿ ಅದೇ ಬೀಜದ ವಿವರ ಹೋಯಿತು, ಅರ್ಜಿ ಒಪ್ಪಿಗೆಯೂ ಆಯಿತು.

ಇನ್ನು ಕೇಳಬೇಕೆ? ಹಾಲಿನ ಡೇರಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಆಳಂದಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಮುಂದೆ, ಎಲ್ಲ ಕಡೆ ಒಂದೇ ಸುದ್ದಿ. "ನಮ್ಮ ತೊಗರಿ ಮ್ಯಾಲ ಹೊಂಟದರಿ." ಮೊಮ್ಮಗಳು ಇನ್ನೆರಡು ಸೇರು ಬೇಕೆಂದಾಗ ಬಿತ್ತಿ ಉಳಿದದ್ದನ್ನೆಲ್ಲ ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು.

ಗುರುವಾರ ವಿಜಯಶ್ರೀ ಹೇಳದೆ ಕೇಳದೆ ಮನೆಗೆ ಬಂದಳು. ಚಹಾ ಕುಡಿಯಲಿಲ್ಲ.

"ಆಯಿ, ಈ ಸಲದ ಕಾಳಿಗೆ ಏನರೆ ಮಾಡೀಯೇನು?"

"ಏನ್ ಮಾಡ್ಲಿ ಬೇ. ಹಸನ ಮಾಡಿ ಕೊಟ್ಟೇನಿ. ಯಾಕ?"

"ಕಾಳಿನ ರಸ ಹಾಕಿದ್ರ ಹಳದಿ ನೀರು ಗುಲಾಬಿ ಆಗಬೇಕು. ಆಗವಲ್ದು. ಕಾಳಿಗೆ ಬೆಂಕಿ ತಾಕಿದ್ರ ಕಿಣ್ವ ಸಾಯ್ತದ, ಹಂಗ ಆಗ್ಯಾದ."

ಕಟ್ಟಿ ಕೊಡುವ ಮುನ್ನ ಗೌರಾಬಾಯಿ ಇಡೀ ಮುಂಜಾನೆ ಒಲೆಯ ಮುಂದೆ ಕುಳಿತು, ಸಣ್ಣ ಉರಿಯಲ್ಲಿ, ಹಂಚಿನ ಮೇಲೆ ಆ ಎರಡು ಸೇರನ್ನೂ ಹದವಾಗಿ ಹುರಿದಿದ್ದಳು. ಅಷ್ಟು ಎತ್ತರಕ್ಕೆ ಹೋದ ಮೇಲೆ ಕಾಳಿನಲ್ಲಿ ಹುಳ ಕಂಡರೆ ಸರಸಂಬಾದ ಮಾನ ಏನಾಗಬೇಕು?

"ನಾನ ಹುರಿದೆ" ಎಂದಳು. "ಬಿತ್ತಾಕಲ್ಲಲ್ಲ, ಹುಳ ಬೀಳಬಾರ್ದು ಅಂತ ಹುರಿದೆ."

ಹುರಿದ ಕಾಳು ಮೊಳೆಯುವುದಿಲ್ಲವೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಓದಿದವರಿಗೂ ಕಾಳಿನೊಳಗಿನ ಜೀವವೇ ಬೇಕಾಗಿದೆ ಎಂಬುದು ಹೊಳೆದಿರಲಿಲ್ಲ. ಮೊಮ್ಮಗಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

"ಸೋಮವಾರ ಕಟ್ಟಿ ಕಳಸ್ಬೇಕು ಆಯಿ. ಬ್ಯಾರೆ ಕಾಳು ನಡ್ಯಂಗಿಲ್ಲ" ಎಂದಷ್ಟೇ ಹೇಳಿ ಗೋಡೆಗೆ ಒರಗಿದಳು.

ಗಡಿಗೆ ಬರಿದು. ಹೊಲದಲ್ಲಿ ಸಸಿ ಇನ್ನೂ ಮೊಣಕಾಲೆತ್ತರ. ಊರಲ್ಲಿ ಈ ಬೀಜ ಇರುವ ಮನೆ ಇನ್ನೊಂದೇ ಒಂದು. ಜಗಳಕ್ಕೆ ಮುಂಚೆ ಸುಭದ್ರಾಬಾಯಿ ಒಂದು ಸೇರು ಒಯ್ದಿದ್ದಳು. ಅದನ್ನು ವರ್ಷ ವರ್ಷ ಬದುವಿನ ಮೇಲೆ ಬಿತ್ತಿ, ಹುಳ ಹತ್ತದಂತೆ ಬೂದಿ ಕಲಸಿ ಇಡುವುದನ್ನು ಗೌರಾಬಾಯಿ ಗೋಡೆಯ ಈಚೆಯಿಂದ ನೋಡಿಯೂ ನೋಡದಂತೆ ಇದ್ದವಳು.

ಸೆರಗು ಹೊದ್ದು ಹೊರಟಳು. ಹತ್ತು ಹೆಜ್ಜೆಯ ದಾರಿಯಲ್ಲಿ ಒಂದು ಸುಳ್ಳನ್ನೂ ಹೊಂದಿಸಿಕೊಂಡಳು. ಕಾಳು ಕಡಿಮೆ ಬಿತ್ತು ಎಂದರಾಯಿತು.

ಸುಭದ್ರಾಬಾಯಿ ಕಟ್ಟೆಯ ಮೇಲೆ ಬದನೆಕಾಯಿ ಹೆಚ್ಚುತ್ತಿದ್ದಳು.

"ಸುಭದ್ರಾ, ನಿನ್ನ ಬಲ್ಲಿ ಕರಿ ತೊಗರಿ ಅದ ಅಲ್ಲ? ಎರಡು ಸೇರು ಬೇಕಾಗ್ಯಾದ."

"ನಿಂದು ಮ್ಯಾಲ ಹೊಂಟದ ಅಂತ ಊರೆಲ್ಲ ಹೇಳ್ಕೋತ ಅಡ್ಡಾಡಾಕತ್ತಿದ್ದಿ. ನಂದ್ಯಾಕ ಬೇಕು?"

ಸುಳ್ಳು ಬಾಯಿಯ ತನಕ ಬಂದಿತ್ತು. ಗೋಡೆಗೊರಗಿದ ಮೊಮ್ಮಗಳ ಮುಖ ಕಣ್ಣ ಮುಂದೆ ಬಂತು.

"ಹುರಿದು ಹಾಳು ಮಾಡಿದೆ" ಎಂದಳು.

ಸುಭದ್ರಾಬಾಯಿ ಈಳಿಗೆಮಣೆ ಸರಿಸಿದಳು.

"ಮ್ಯಾಲ ಹೋಗೋ ಕಾಳು ಹುರಿದ್ಯಾ? ಉಪ್ಪು ಖಾರ ಹಚ್ಚಿದ್ಯೋ ಇಲ್ಲೋ?"

ಹೇಳಿದವಳೇ ನಗತೊಡಗಿದಳು. ಕಣ್ಣಲ್ಲಿ ನೀರು ಬಂದು ಸೆರಗಿನಿಂದ ಒರೆಸಿಕೊಂಡರೂ ನಗು ನಿಲ್ಲಲಿಲ್ಲ. ಗೌರಾಬಾಯಿಗೆ ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ಹಂಚಿನ ಮುಂದೆ ಅಷ್ಟು ಭಕ್ತಿಯಿಂದ ಕುಳಿತಿದ್ದ ತನ್ನನ್ನು ನೆನೆದು ಅವಳಿಗೂ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎರಡು ಸೇರ್ಯಾಕ, ಗಡಿಗಿನ ಒಯ್ಯೋಣು" ಎಂದಳು ಸುಭದ್ರಾಬಾಯಿ. "ಆದ್ರ ನಾನೂ ಬರ್ತೇನಿ. ನಿನ್ನ ಕೈಯಾಗ ಕೊಟ್ರ ದಾರ್ಯಾಗ ಮತ್ತ ಹುರಿದೀ."

ಮರುದಿನ ಮೂವರೂ ಕಡಗಂಚಿಯ ಬಸ್ಸು ಹತ್ತಿದರು. ಗಡಿಗೆ ಸುಭದ್ರಾಬಾಯಿಯ ಮಡಿಲಲ್ಲಿ. ಮುಟ್ಟಲೂ ಬಿಡಲಿಲ್ಲ.

ಪ್ರಯೋಗಾಲಯದಲ್ಲಿ ಗುಲಫಶಾ "ಬರ್ರಿ ಆಯಿ, ಕುಂದರ್ರಿ" ಎಂದು ಸ್ಟೂಲು ಎಳೆದಳು. ಕಾಳು ಪುಡಿ ಮಾಡಿ, ತಣ್ಣೀರಲ್ಲಿ ನೆನೆಸಿ, ಸೋಸಿ, ಹಳದಿ ನೀರಿನ ನಳಿಕೆಗೆ ನಾಲ್ಕು ಹನಿ ಬಿಟ್ಟಳು. ನಾಲ್ಕು ತಲೆಗಳು ಅದರ ಮೇಲೆ ಬಾಗಿದವು. ಏನೂ ಆಗಲಿಲ್ಲ. ಆಮೇಲೆ ಹಳದಿ ನಿಧಾನವಾಗಿ ಕಿತ್ತಳೆಯಾಯಿತು, ನೋಡನೋಡುತ್ತಾ ನಳಿಕೆ ತುಂಬ ಗುಲಾಬಿ. ಹುಡುಗಿಯರಿಬ್ಬರೂ ತಬ್ಬಿಕೊಂಡರು. ಗೌರಾಬಾಯಿ ಸಂತೋಷಕ್ಕೆ ಅತ್ತೇಬಿಟ್ಟಳು.

"ಇದರ ರಸ ಒಂದು ಡಬ್ಬಿ ಮ್ಯಾಲ ಹೋಗ್ತದರಿ. ಅಂಥದ್ದೇ ಒಂದು ಹೋಲಿಸಿ ನೋಡಾಕ ಇಲ್ಲೇ ಇರ್ತದ" ಎಂದಳು ಗುಲಫಶಾ. ಕಾಗದವೊಂದನ್ನು ಮುಂದೆಳೆದು ಪೆನ್ನು ತೆಗೆದಳು. "ಬೀಜ ಕೊಟ್ಟ ರೈತರ ಹೆಸರು ಬರೀಬೇಕು. ಏನಂತ ಬರೀಲಿ ಆಯಿ?"

ವಿಜಯಶ್ರೀ ಅಜ್ಜಿಯನ್ನು ನೋಡಿದಳು. ಸುಭದ್ರಾಬಾಯಿ ಕಿಟಕಿಯಾಚೆ ನೋಡತೊಡಗಿದಳು.

"ಸುಭದ್ರಾಬಾಯಿ ಅಂತ ಬರಿ" ಎಂದಳು ಗೌರಾಬಾಯಿ.

"ಏ, ಬೀಜ ನಿಂದಲ್ಲೇನು?" ಸುಭದ್ರಾಬಾಯಿ ತಟ್ಟನೆ ತಿರುಗಿದಳು.

"ನಾ ಕೊಟ್ಟಿದ್ದು ಒಂದು ಸೇರು. ಅದರ ಜೀವ ಕಾದಾಕಿ ನೀ."

ಗುಲಫಶಾ ಬರೆದಳು. ಓದು ಬಾರದ ಸುಭದ್ರಾಬಾಯಿ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತನ್ನ ಹೆಸರು ಎಲ್ಲಿದೆಯೆಂದು ಕೇಳಿ, ಅಲ್ಲಿ ಬೆರಳಿಟ್ಟು, ಇನ್ನೊಮ್ಮೆ ಓದಿಸಿದಳು.