ಪ್ರೇಮನಾಥನ ಕಿಟಕಿ ಸೀಟು

ಪ್ರೇಮನಾಥನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಲ್ಯಾಣದಿಂದ ಹೊರಡುವ ಬೆಳಗಿನ ಮುಂಬೈ ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಅವನದು. ಠಾಣೆಯವರೆಗೆ ನೇತಾಡುವ ಭಾಗ್ಯ ನನ್ನದು. ಅವನು ಉಡುಪಿ ಕಡೆಯವನು. ರಬಾಳೆಯ ಕಾರ್ಖಾನೆಯೊಂದರಲ್ಲಿ ಆಸ್ಬೆಸ್ಟಾಸ್ ಶೀಟು ಕೊಯ್ದು ಕೊಯ್ದು, ಸಂಜೆ ಹಿಟ್ಟಿನ ಗಿರಣಿಯಿಂದ ಬಂದವನಂತೆ ಬೆಳ್ಳಗೆ ಬರುತ್ತಿದ್ದ. ಧೂಳು ಕೊಡವಿದರೆ ತಲೆ ತುಂಬ ಕಪ್ಪು ಕೂದಲು. ನನ್ನದು ಆಫೀಸಿನ ಫ್ಯಾನಿನಡಿಯೇ ಉದುರಿತು. "ಪ್ರೇಮಣ್ಣನನ್ನು ನೋಡಿ ಕಲೀರಿ" ಎನ್ನುತ್ತಾಳೆ ನನ್ನ ಹೆಂಡತಿ ಅಪರ್ಣಾ. ಏನನ್ನು ಎಂದು ಹೇಳುವುದಿಲ್ಲ.

೨೦೧೨ರಲ್ಲಿ ಅವನಿಗೆ ಏದುಸಿರು ಶುರುವಾಯಿತು. ಎದೆಯಲ್ಲಿ ನೀರು. ಚೂರು ತೆಗೆದು ಪರೀಕ್ಷಿಸಿದ ಠಾಣೆಯ ಡಾಕ್ಟರು, ಶ್ವಾಸಕೋಶದ ಹೊದಿಕೆಗೆ ಕ್ಯಾನ್ಸರ್, ಆ ಶೀಟಿನ ಹಳೆಯ ಧೂಳಿನದೇ ಕೆಲಸ ಎಂದರು. ಆಪರೇಷನ್ ಆಗುತ್ತದೋ ಇಲ್ಲವೋ ಎನ್ನುವುದು ರೋಗದ ಹಂತ ತಿಳಿದ ಮೇಲೆಯೇ.

"ಹಂತ ಅಂದ್ರೆ ಎಂತ ಡಾಕ್ಟ್ರೇ?" ಎಂದ ಪ್ರೇಮನಾಥ.

"ಲೋಕಲ್ ಲೆಕ್ಕದಲ್ಲಿ ಹೇಳ್ತೇನೆ ಕಾಕಾ. ಒಂದೇ ಬದಿಯ ಹೊದಿಕೆಯಲ್ಲಿದ್ರೆ ಗಾಡಿ ಇನ್ನೂ ಕಲ್ಯಾಣದಲ್ಲೇ ಇದೆ. ಹತ್ತಿರದ ಗ್ರಂಥಿಗೆ ಬಂದ್ರೆ ಡೊಂಬಿವಲಿ. ಎದೆಗೂಡಿನ ಗೋಡೆಗೆಲ್ಲ ಹರಡಿದ್ರೆ ಠಾಣೆ. ಹೊಟ್ಟೆಗೋ ಇನ್ನೊಂದು ಬದಿಗೋ ಹೋದ್ರೆ, ಹಿಡಿಯೋದು ಕಷ್ಟ. ಸ್ಕ್ಯಾನ್ ಅಂದ್ರೆ ದೂರದಿಂದ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಬೋರ್ಡು ನೋಡಿದ ಹಾಗೆ. ಖಾತ್ರಿಗೆ ಎದೆಯೊಳಗೆ ದುರ್ಬೀನು ಇಳಿಸಿ ಗ್ರಂಥಿಯ ಚೂರು ತೆಗೀಬೇಕು."

ಇಷ್ಟು ಚೆನ್ನಾಗಿ ನನ್ನ ಡಯಾಬಿಟಿಸ್ ಬಗ್ಗೆ ಯಾರೂ ವಿವರಿಸಿಲ್ಲ. ವಾರ್ಡಿಗೆ ಇಡ್ಲಿ ಬಂತು, ಎಳನೀರು ಬಂತು, ನಮ್ಮ ರೈಲು ಡಬ್ಬಿಯ ಅರ್ಧ ಜನ ಬಂದರು. ನನ್ನ ಮಂಡಿನೋವಿಗೆ ಒಬ್ಬನೂ ಇತ್ತ ಹಾಯ್ದಿರಲಿಲ್ಲ.

ನಮ್ಮ ಡಬ್ಬಿಯಲ್ಲೊಂದು ಪದ್ಧತಿ: ರಜೆ ಹಾಕುವವನು ತನ್ನ ಸೀಟಿಗೆ ಯಾರೆಂದು ತಾನೇ ಹೇಳಿ ಹೋಗಬೇಕು. ದುರ್ಬೀನಿಗೆ ಒಳಗೆ ಒಯ್ಯುವಾಗ ಪ್ರೇಮನಾಥ ನನ್ನ ಕೈ ಹಿಡಿದ. ನಾನು ಮನಸ್ಸಿನಲ್ಲೇ ಕಿಟಕಿಗೆ ಮೊಣಕೈ ಊರಿದೆ.

"ಸುದರ್ಶನ, ಸೀಟು ಹರಿಶ್ಚಂದ್ರನಿಗೆ."

ಮೊನ್ನೆ ಮೊನ್ನೆ ಡಬ್ಬಿ ಸೇರಿದ ಹರಿಶ್ಚಂದ್ರನಿಗೆ! ವರದಿ ಬರುವವರೆಗೂ ಅವನು ಗಾಳಿ ಕುಡಿಯುತ್ತ ಕೂತ. ನಾನು ಅವನ ಬೈತಲೆ ನೋಡುತ್ತ ನಿಂತೆ.

ವರದಿ ಬಂದ ದಿನ ಪ್ರೇಮನಾಥನ ಹೆಂಡತಿ ವಿನೋದಾ ಅವನ ಮಂಚದ ಪಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. "ಗ್ರಂಥಿಗಳೆಲ್ಲ ಸ್ವಚ್ಛ," ಎಂದರು ಡಾಕ್ಟರು. "ಮೊದಲ ಹಂತ. ಆಪರೇಷನ್ ಮಾಡಬಹುದು. ಆಮೇಲಿನದಕ್ಕೆ ಗ್ಯಾರಂಟಿ ಕೊಡಲಾರೆ."

ವಿನೋದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಮೊದಲು ಹೊಳೆದದ್ದು, ಹರಿಶ್ಚಂದ್ರ ಏಳಬೇಕು! ಅದನ್ನೇ ಬಾಯಿಬಿಟ್ಟು ಹೇಳಿದೆ.

ಪ್ರೇಮನಾಥ ನಗಲು ಹೋಗಿ ಕೆಮ್ಮಿದ. "ಹೌದಾ, ನಿಂಗೆ ಯಾಕೆ ಕೊಡ್ಲಿಲ್ಲ ಗೊತ್ತುಂಟಾ? ನೀನು ಕೂತ್ರೆ ಏಳುವ ಜನ ಅಲ್ಲ ಮಾರಾಯ. ನಾನು ಬಂದ ಮೇಲೆ ನಿಂತೇ ಇರ್ಬೇಕು ನೀನು."

"ನಿಲ್ತೇನೆ," ಎಂದೆ. "ನೀನು ಬಾ."